ಗೊಂದರ್‌ನಲ್ಲಿ ಗೆನ್ನಾ ಹಬ್ಬ

ಡಿಸೆಂಬರ್ 25ರ ಬೆಳಗ್ಗೆ ಇಥಿಯೋಪಿಯಾದ ಗೊಂದರ್ ವಿಶ್ವವಿದ್ಯಾಲಯದಲ್ಲಿ ಎಂದಿನಂತೆ ಪಾಠ ನಡೆಯುತ್ತದೆ. ನಾಲ್ಕನೇ ಶತಮಾನದಲ್ಲೇ ಕ್ರೈಸ್ತ ಧರ್ಮ ಅರಮನೆ ಹೊಕ್ಕ ನಾಡು ಅದು. ಆದರೂ ಅಂದು ಯಾವ ಬಾಗಿಲಲ್ಲೂ ನಕ್ಷತ್ರ ತೂಗುವುದಿಲ್ಲ. ಅವರ ಪಂಚಾಂಗವೇ ಬೇರೆ. ವರ್ಷಕ್ಕೆ 13 ತಿಂಗಳು. ಇಸವಿ ನಮ್ಮದಕ್ಕಿಂತ ಏಳೆಂಟು ವರ್ಷ ಹಿಂದೆ. 2007ರ ಸೆಪ್ಟೆಂಬರ್ 12ರಂದು ಅಲ್ಲಿ 2000ನೇ ಇಸವಿ ಹುಟ್ಟಿತು. ಗಂಟೆಯ ಎಣಿಕೆಯೂ ಹೊತ್ತು ಮೂಡಿದಲ್ಲಿಂದ ಶುರು: ನಮ್ಮ ಬೆಳಗಿನ ಏಳು ಅವರಿಗೆ ಒಂದು. ಕ್ರಿಸ್ತ ಹುಟ್ಟಿದ ದಿನವನ್ನು ಅವರು ‘ಗೆನ್ನಾ’ ಎನ್ನುತ್ತಾರೆ. ಅದು ಬರುವುದು ಜನವರಿ 7ಕ್ಕೆ.

ಭಾರತದ ಮೇಷ್ಟ್ರುಗಳಿಗೆ ಇಥಿಯೋಪಿಯಾ ಹೊಸ ದಾರಿಯಲ್ಲ. ಚಕ್ರವರ್ತಿ ಹೈಲೆ ಸೆಲಾಸಿ ಕಾಲದಲ್ಲಿ, 1974ರ ಕ್ರಾಂತಿಗೆ ಮುಂಚೆ, ಅಲ್ಲಿನ ಊರೂರ ಶಾಲೆಗಳಲ್ಲಿ ಭಾರತದವರು ಗಣಿತ, ವಿಜ್ಞಾನ, ಇಂಗ್ಲಿಷ್ ಕಲಿಸಿದ್ದರು. 2000ದ ನಂತರ ಆ ದೇಶ ಸಾಲುಸಾಲಾಗಿ ವಿಶ್ವವಿದ್ಯಾಲಯಗಳನ್ನು ತೆರೆದಾಗ ಮತ್ತೆ ಕರೆ ಬಂತು, ಅಧ್ಯಾಪಕರು ಹೊರಟರು. ಬೆಳಗಾವಿಯ ಹಿಂದವಾಡಿಯಿಂದ ಸಂಖ್ಯಾಶಾಸ್ತ್ರ ಕಲಿಸಲು ನಾನು ಹೋದದ್ದು ಆ ಎರಡನೇ ಅಲೆಯಲ್ಲಿ.

ಡಿಸೆಂಬರಿನ ಬೆಳಗಾವಿ ಬಿಟ್ಟವರನ್ನು ಸುಮ್ಮನೆ ಇರಗೊಡುವುದಿಲ್ಲ. ಗುರುದೇವ ರಾನಡೆ ಮಂದಿರದ ಸುತ್ತಲಿನ ಬೀದಿಗಳಲ್ಲಿ ಎಂಟಾದರೂ ಮಂಜು ಕರಗದು. ಮಫ್ಲರ್ ಸುತ್ತಿಕೊಂಡ ಹಿರಿಯರು ಟಿಳಕವಾಡಿಯ ಗೇಟುಗಳ ಕಡೆ ವಾಕಿಂಗ್ ಹೊರಡುತ್ತಾರೆ. ಕ್ಯಾಂಪಿನಲ್ಲಿ ಫಾತಿಮಾ ಕೆಥೆಡ್ರಲ್‌ಗೆ ದೀಪದ ಸರ ಏರುತ್ತದೆ. ಖಾನಾಪುರ, ಲೋಂಡಾ ಕಡೆಯ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಕರಿದ ತಿಂಡಿಗಳ ತಟ್ಟೆ ಸಿದ್ಧವಾಗುತ್ತದೆ. ಪಕ್ಕದ ಮನೆಯವರದು ಯಾವ ಜಾತಿ, ಯಾವ ಧರ್ಮ ಎಂದು ಕೇಳದೆ ಅದು ಎಲ್ಲರ ಮನೆಗೂ ಹೋಗುತ್ತದೆ. ವರ್ಷದ ಕೊನೆಯ ರಾತ್ರಿ ಹುಲ್ಲು, ಹಳೇ ಬಟ್ಟೆ ತುಂಬಿದ ‘ಓಲ್ಡ್ ಮ್ಯಾನ್’ಗೆ ಬೆಂಕಿ. ಬೇರೆ ಊರಿನವರಿಗೆ ಈ ಓಲ್ಡ್ ಮ್ಯಾನ್ ಅರ್ಥವೇ ಆಗುವುದಿಲ್ಲ. ಬೆಳಗಾವಿಯ ಹುಡುಗರಿಗೆ ಮಾತ್ರ ಅವನನ್ನು ಸುಡದೆ ಹೊಸ ವರ್ಷ ಬಾರದು.

ಗೊಂದರ್‌ನಲ್ಲಿದ್ದ ನನಗೆ ಆ ರಾತ್ರಿ, ಬೆಳಗಾವಿಯ ಹನ್ನೆರಡಕ್ಕೆ, ಮನೆಯಿಂದ ಫೋನ್ ಬಂತು. ಪಟಾಕಿಯ ಸದ್ದಿನ ನಡುವೆ ಮಗ ಕೂಗುತ್ತಿದ್ದ: ‘ಅಪ್ಪಾ, ಓಲ್ಡ್ ಮ್ಯಾನ್ ಸುಟ್ವಿ! ಕೇಳಸ್ತೇನು?’ ನನ್ನ ಗಡಿಯಾರದಲ್ಲಿ ಒಂಬತ್ತೂವರೆ. ಅಲ್ಲಿಯವರ ಲೆಕ್ಕದಲ್ಲಿ ರಾತ್ರಿಯ ಮೂರೂವರೆ. ಹೊರಗೆ ನಾಯಿಯೂ ಬೊಗಳುತ್ತಿರಲಿಲ್ಲ. ಗೊಂದರ್ ಪಾಲಿಗೆ ಅದು ತಾಹ್ಸಾಸ್ ಎಂಬ ನಾಲ್ಕನೇ ತಿಂಗಳ ಒಂದು ಸಾಮಾನ್ಯ ರಾತ್ರಿ, ಅದೂ ಉಪವಾಸದ ರಾತ್ರಿ.

ಉಪವಾಸ ಎಂದರೆ ಊಟ ಬಿಡುವುದಲ್ಲ. ಗೆನ್ನಾಕ್ಕೆ ಮುಂಚಿನ 40ಕ್ಕೂ ಹೆಚ್ಚು ದಿನ ಆರ್ಥೊಡಾಕ್ಸ್ ಭಕ್ತರು ಮಾಂಸ, ಮೊಟ್ಟೆ, ಹಾಲು, ತುಪ್ಪ ಮುಟ್ಟುವುದಿಲ್ಲ. ಹೋಟೆಲುಗಳಲ್ಲಿ ದೊಡ್ಡ ತಟ್ಟೆಯಗಲದ ಇಂಜೆರಾದ ಮೇಲೆ ಬೇಳೆ, ಸೊಪ್ಪು, ಬೀಟ್‌ರೂಟ್, ಎಲೆಕೋಸಿನ ಪಲ್ಯಗಳ ಬಣ್ಣಬಣ್ಣದ ಗುಡ್ಡೆಗಳು ಬಂದು ಕೂರುತ್ತವೆ. ಇಂಜೆರಾ ಟೆಫ್ ಎಂಬ ಸಣ್ಣ ಕಾಳಿನ ಹಿಟ್ಟನ್ನು ಎರಡು ಮೂರು ದಿನ ಹುಳಿಬರಿಸಿ ಹಂಚಿನ ಮೇಲೆ ಹೊಯ್ದದ್ದು. ಮೈತುಂಬ ಕಣ್ಣು ಕಣ್ಣು. ಶಿರೋ ಎಂಬುದು ಕಡಲೆ ಹಿಟ್ಟಿನ ಖಾರದ ಗೊಜ್ಜು. ಮೊದಲ ತುತ್ತಿಗೇ ನನ್ನ ನಾಲಿಗೆ ಅದನ್ನು ಝುಣಕಾ ಎಂದು ಗುರುತಿಸಿತು. ಸಸ್ಯಾಹಾರಿಯಾದ ನನ್ನಂಥವನಿಗೆ ಇಡೀ ಊರೇ ಪಂಕ್ತಿಗೆ ಬಂದು ಕುಳಿತ ದಿನಗಳವು.

ಜನವರಿ 6ರ ಸಂಜೆಯಿಂದ ಊರು ಬಿಳಿಯಾಗತೊಡಗುತ್ತದೆ. ಅಂಚಿಗೆ ಬಣ್ಣದ ಪಟ್ಟಿ ಇರುವ ತೆಳು ಹತ್ತಿಯ ಶಮ್ಮಾ ಹೊದ್ದವರು ಇಳಿಜಾರುಗಳಿಂದ ಒಬ್ಬೊಬ್ಬರಾಗಿ ಬಂದು ದೊಡ್ಡ ರಸ್ತೆ ಸೇರುತ್ತಾರೆ. ಚಕ್ರವರ್ತಿ ಫಾಸಿಲಿದಸ್ 17ನೇ ಶತಮಾನದಲ್ಲಿ ಕಟ್ಟಿಸಿದ ಕಲ್ಲುಕೋಟೆಯ ಬದಿಯಿಂದ ಸಾಗಿ ಅವರ ಜತೆ ನಾನೂ ದೆಬ್ರೆ ಬೆರ್ಹಾನ್ ಸೆಲಾಸಿಗೆ ಹೋದೆ. ಹೊರಗಿನಿಂದ ನೋಡಿದರೆ ಹುಲ್ಲುಮಾಡಿನ, ಏನೂ ಆಡಂಬರವಿಲ್ಲದ ಇಗರ್ಜಿ. ಒಳಗೆ ತಲೆಯೆತ್ತಿದರೆ ಚಾವಣಿಯ ತುಂಬ ದೇವದೂತರ ಮುಖಗಳು, ಸಾಲು ಸಾಲು, ಎಲ್ಲರ ದೊಡ್ಡ ಕಣ್ಣುಗಳೂ ಕೆಳಗೆ ನಿಂತವರ ಮೇಲೆ. ಪೂಜಾರಿಗಳು ಉದ್ದ ಕೋಲು ಊರಿ ನಿಂತು, ಕೈಯಲ್ಲಿ ಲೋಹದ ಗಿಲಿಗಿಲಿ ಅಲ್ಲಾಡಿಸುತ್ತ, ಹೆಗಲಿಗೆ ತೂಗಿದ ದೊಡ್ಡ ಡೋಲಿನ ಲಯಕ್ಕೆ ಹಿಂದೆ ಮುಂದೆ ತೂಗುತ್ತ ಗೀಜ್ ಭಾಷೆಯಲ್ಲಿ ಹಾಡುತ್ತಿದ್ದರು. ಇಡೀ ರಾತ್ರಿ ನಿಂತೇ ಇರಬೇಕು. ಗೊಂದರ್ ಸಮುದ್ರಮಟ್ಟಕ್ಕಿಂತ 2,000 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಬೆಳಗಾವಿಯ ಚಳಿ ಅದರ ಮುಂದೆ ಎಷ್ಟರದು? ಪಕ್ಕದಲ್ಲಿದ್ದ ಮುದುಕಿ ಒಂದು ಮಾತೂ ಆಡದೆ ತನ್ನ ಶಮ್ಮಾದ ಅರ್ಧವನ್ನು ನನ್ನ ಹೆಗಲಿಗೆ ಎಳೆದಳು.

ಮರುದಿನ ವಿದ್ಯಾರ್ಥಿಯೊಬ್ಬ ಮನೆಗೆ ಕರೆದಿದ್ದ. ತರಗತಿಯ ಕೊನೆಯ ಬೆಂಚಿನಲ್ಲಿ ತುಟಿ ಬಿಚ್ಚದ ಹುಡುಗ ಅವನು. ತನ್ನ ಅಂಗಳದಲ್ಲಿ ಮಾತ್ರ ಯಜಮಾನನಂತೆ ಕೈ ಹಿಡಿದು ಒಳಗೆ ಕರೆದೊಯ್ದ. ನೆಲಕ್ಕೆ ಹಸಿ ಹುಲ್ಲು ಹರಡಿದ್ದರು. ಉಪವಾಸ ಮುರಿಯುವ ದಿನ. ಬೆರ್ಬೆರೆ ಖಾರದ ಕೋಳಿ ಸಾರು ಕುದಿಯುತ್ತಿತ್ತು. ಅವನ ತಾಯಿ ನನಗಾಗಿ ಮೂಲೆಯಲ್ಲೊಂದು ಪುಟ್ಟ ಮಡಕೆಯಲ್ಲಿ ಶಿರೋ ಬೇರೆ ಮಾಡಿ, ಅದಕ್ಕೆ ಬೇರೆ ಸೌಟು ಇಟ್ಟು, ಕೋಳಿಯ ಸೌಟು ಅತ್ತ ಬಾರದಂತೆ ಮಗಳನ್ನು ಕಾವಲಿಗೆ ಕೂರಿಸಿದ್ದಳು. ತನ್ನ ಉಪವಾಸ ಮುಗಿದ ದಿನ ಆ ತಾಯಿ ನನ್ನ ವ್ರತವನ್ನು ಕಾಯುತ್ತಿದ್ದಳು.

ಆಮೇಲೆ ಕಾಫಿ. ಹಸಿ ಬೀಜ ತೊಳೆದು, ನಮ್ಮೆದುರೇ ಹುರಿದು, ಹೊಗೆಯಾಡುವ ಬಾಣಲೆಯನ್ನು ಪ್ರತಿಯೊಬ್ಬರ ಮುಖದ ಹತ್ತಿರ ತಂದು ತೋರಿಸಿ, ಒರಳಿನಲ್ಲಿ ಕುಟ್ಟಿ, ಜೆಬೆನಾ ಎಂಬ ಕಪ್ಪು ಮಣ್ಣಿನ ಹೂಜಿಯಲ್ಲಿ ಕುದಿಸಿದರು. ಖಾನಾಪುರದ ಕುಂಬಾರಿಕೆ ಕೇಂದ್ರದಲ್ಲಿ ತಿಗರಿ ತಿರುಗುವುದನ್ನು ನೋಡುತ್ತ ಬೆಳೆದ ನನಗೆ ಆ ಹೂಜಿಯ ನೀಳ ಕತ್ತಿನ ಮೇಲಿಂದ ಕಣ್ಣು ಕೀಳಲಾಗಲಿಲ್ಲ. ಗೊಂದರ್ ಹೊರವಲಯದ ವೊಲೇಕಾ ಗ್ರಾಮ ಇಂಥ ಮಣ್ಣಿನ ಕೆಲಸಕ್ಕೆ ಹೆಸರಾದದ್ದು. ಅಲ್ಲಿನ ಯಹೂದಿ ಕುಂಬಾರ ಕುಟುಂಬಗಳು 1980, 90ರ ದಶಕಗಳಲ್ಲಿ ಇಸ್ರೇಲಿಗೆ ಹೊರಟುಹೋದವು. ಕಾಫಿ ಮೂರು ಸುತ್ತು: ಅಬೊಲ್, ತೋನಾ, ಬೆರೆಕಾ. ಮೂರನೆಯದನ್ನು ಕುಡಿಯದೆ ಏಳುವುದು ಆಶೀರ್ವಾದ ಬಿಟ್ಟು ಹೋದಂತೆ.

ಎರಡನೇ ಸುತ್ತಿನಲ್ಲಿ ಆ ತಾಯಿ ಮಗನ ಮೂಲಕ ಕೇಳಿದಳು, ನಿಮ್ಮ ನಾಡಿನಲ್ಲಿ ನಮ್ಮಂಥವರು ಇದ್ದಾರೆಯೇ? ಇದ್ದಾರೆ ಎಂದೆ. ಖಾನಾಪುರದ ಕಾಡಂಚಿನಲ್ಲಿ, ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿಗಳಿದ್ದಾರೆ. ಅವರ ಹಿರಿಯರು ಆಫ್ರಿಕಾದಿಂದ ಬಂದವರು. ಎಷ್ಟೋ ಮಂದಿಯನ್ನು ಪೋರ್ಚುಗೀಸರು ಗುಲಾಮರಾಗಿ ಗೋವಾಕ್ಕೆ ತಂದಿದ್ದರು. ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು. ಈಗ ಅವರು ಕೊಂಕಣಿ, ಕನ್ನಡ ಆಡುತ್ತಾರೆ. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರೂ ಇದ್ದಾರೆ. ಆ ಕ್ರೈಸ್ತರ ಹಬ್ಬ 25ಕ್ಕೇ ಮುಗಿದಿದೆ. ಹುಡುಗ ಅಮ್ಹಾರಿಕ್‌ನಲ್ಲಿ ನಿಧಾನವಾಗಿ ಹೇಳುತ್ತ ಹೋದ. ಆಕೆ ಕೇಳಿದ ಮರುಪ್ರಶ್ನೆ ಒಂದೇ: ‘ಅವರಿಗೆ ತಮ್ಮ ಊರು ಯಾವುದೆಂದು ಗೊತ್ತಿದೆಯೇ?’

ಇಲ್ಲ ಎನ್ನುವುದು ಕಷ್ಟವಾಯಿತು. ನಮ್ಮ ಮನೆಯಿಂದ ಒಂದೆರಡು ಗಂಟೆಯ ದಾರಿಯಲ್ಲಿ ಬದುಕುವವರ ಬಗ್ಗೆ ಈ ಪ್ರಶ್ನೆಯನ್ನು ನನ್ನೂರಿನಲ್ಲಿ ಯಾರೂ ಕೇಳಿದ್ದನ್ನು ನಾನು ಕೇಳಿರಲಿಲ್ಲ.

ಮಧ್ಯಾಹ್ನ ಹುಡುಗರು ಬಯಲಿಗೆ ಎಳೆದೊಯ್ದರು. ಗೆನ್ನಾ ಎಂಬುದು ಆಟದ ಹೆಸರೂ ಹೌದು. ಬಾಗಿದ ಕೋಲು, ಮರದ ಚೆಂಡು. ಕ್ರಿಸ್ತ ಹುಟ್ಟಿದ ಸುದ್ದಿ ಕೇಳಿದ ಕುರುಬರು ಖುಷಿಗೆ ತಮ್ಮ ಕೋಲುಗಳಿಂದಲೇ ಆಡಿದರಂತೆ. 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಹಾಕಿ ತಂಡದ ಬಂಡು ಪಾಟೀಲರ ಊರಿನವನು ನಾನು ಎಂದು ಹೇಳಿದ್ದೇ ತಡ, ಕೈಗೊಂದು ಕೋಲು ಬಂತು.

ಒಂದು ವಾರಕ್ಕೆ ಸಂಕ್ರಾಂತಿ. ಧಾರವಾಡದ ಸಹೋದ್ಯೋಗಿಯೂ ನಾನೂ ಸೇರಿ ಆ ಮನೆಯವರನ್ನು ನಮ್ಮ ಕ್ವಾರ್ಟರ್ಸಿಗೆ ಕರೆದೆವು. ಊರಿನಿಂದ ತಂದ ಬೆಲ್ಲ ಸ್ವಲ್ಪ ಉಳಿದಿತ್ತು. ಎಳ್ಳು ಅಲ್ಲಿಯ ಸಂತೆಯದು. ಸುಡಾನ್ ಗಡಿಯ ಮೆತೆಮಾ, ಹುಮೆರಾ ಬಯಲುಗಳ ಬಿಳಿ ಎಳ್ಳಿಗೆ ಜಗತ್ತಿನ ಮಾರುಕಟ್ಟೆಯಲ್ಲಿ ದೊಡ್ಡ ಹೆಸರು. ಎಳ್ಳು ಬೆಲ್ಲ ಕೈಗಿಟ್ಟು, ಇದನ್ನು ತಿಂದು ಒಳ್ಳೆಯ ಮಾತಾಡಬೇಕು ಎಂದು ನಮ್ಮ ರೂಢಿ ಹೇಳಿದೆವು. ತಾಯಿ ಒಂದು ಚಿಟಿಕೆ ಬಾಯಿಗೆ ಹಾಕಿ ಕಣ್ಣು ಮುಚ್ಚಿ ಜಗಿದಳು. ‘ಎಳ್ಳು ಹುಮೆರಾದ್ದು’ ಎಂದಳು. ‘ಈ ಕಪ್ಪನೆಯ ಸಿಹಿ ಯಾವುದು, ಹೇಗೆ ಮಾಡುತ್ತೀರಿ?’ ಗಾಣ, ಕೊಪ್ಪರಿಗೆ, ಕುದಿಯುವ ಕಬ್ಬಿನ ಹಾಲು, ಇದನ್ನೆಲ್ಲ ಧಾರವಾಡದವರು ಕೈಸನ್ನೆ ಮಾಡಿ ವಿವರಿಸತೊಡಗಿದರು. ಹುಡುಗ ಅನುವಾದಿಸುತ್ತ ಹೋದ, ತಂಗಿ ಅಷ್ಟರಲ್ಲಿ ಬಟ್ಟಲಿಗೆ ಮತ್ತೆ ಕೈ ಹಾಕಿದ್ದಳು.