ಡಿಸ್ಟೆಂಪರ್ ನೆರಳಿನಲ್ಲಿ ಅಮೀಬಾ

ಕೆರೆಯ ಕೆಸರು, ತೋಟದ ಮಣ್ಣು, ನಲ್ಲಿ ನೀರು, ಗಾಳಿಯ ಧೂಳು ಎಲ್ಲದರಲ್ಲೂ ಅಕಾಂತಮೀಬಾ ಇದೆ. ಬ್ಯಾಕ್ಟೀರಿಯಾ ತಿಂದು ಬದುಕುವ ಈ ಏಕಕೋಶ ಜೀವಿಗೆ ಯಾವ ಪ್ರಾಣಿಯ ಹಂಗೂ ಇಲ್ಲ. ನೀರು ಬತ್ತಿದರೆ ಎರಡು ಪದರದ ಗೋಡೆ ಕಟ್ಟಿಕೊಂಡು ವರ್ಷಗಟ್ಟಲೆ ಒಳಗೇ ಕೂರುತ್ತದೆ. ಸದಾ ನೆಲ ಮೂಸುತ್ತಲೇ ಇರುವ ನಾಯಿ ಇದನ್ನು ಉಸಿರಿಗೆ ಎಳೆದುಕೊಳ್ಳದೆ ಇರಲಾರದು. ಆದರೂ ಶ್ವಾಸಕೋಶದಲ್ಲಿ ನೆಲೆಸಿ, ರಕ್ತದ ಮೂಲಕ ಮಿದುಳಿಗೇರಿ ನಾಯಿಯನ್ನು ಕೊಂದ ಪ್ರಕರಣಗಳು ವರದಿಯಾಗಿರುವುದು ಕೆಲವೇ. ಅಮೆರಿಕದಲ್ಲಿ ನ್ಯುಮೋನಿಯಾ ಮತ್ತು ಮಿದುಳಿನ ಉರಿಯೂತ ಎರಡೂ ಇದ್ದ ಗ್ರೇಹೌಂಡ್ ಒಂದರಿಂದ ಅಮೀಬಾವನ್ನು ಬೇರ್ಪಡಿಸಿದ ವರದಿ ಬಂದದ್ದು 1993ರಲ್ಲಿ. ಸಂಖ್ಯೆ ಇಷ್ಟು ಚಿಕ್ಕದಾಗಿರುವುದಕ್ಕೆ ನಾಯಿಯ ರೋಗನಿರೋಧಕ ಶಕ್ತಿ ಮುಖ್ಯ ಕಾರಣ, ನಿಜ. ಆದರೆ ಅದೊಂದೇ ಕಾರಣ ಎಂದು ನನಗೆ ಅನ್ನಿಸುವುದಿಲ್ಲ. ಈ ರೋಗ ಎರಡು ಕಡೆ ಕಣ್ತಪ್ಪಿಸಿಕೊಳ್ಳುತ್ತದೆ.

ಮೊದಲನೆಯದು ವೈದ್ಯರ ಮೇಜು. ಜ್ವರ, ಮೂಗು ಸೋರುವುದು, ಕೆಮ್ಮು, ಆಮೇಲೆ ತೂರಾಡುವ ನಡಿಗೆ, ಫಿಟ್ಸ್: ಇವಿಷ್ಟೂ ಡಿಸ್ಟೆಂಪರ್‌ ಎಂಬ ವೈರಸ್ ರೋಗದ ಲಕ್ಷಣಗಳೇ. ಆ ವೈರಸ್ ರೋಗನಿರೋಧಕ ಶಕ್ತಿಯನ್ನೂ ಕುಗ್ಗಿಸುವುದರಿಂದ ಡಿಸ್ಟೆಂಪರ್, ಅಮೀಬಾ ಎರಡೂ ಒಂದೇ ನಾಯಿಯಲ್ಲಿರಲು ಅಡ್ಡಿಯಿಲ್ಲ. ಒಂದು ಸಿಕ್ಕಿದ ಮೇಲೆ ಇನ್ನೊಂದನ್ನು ಯಾರು ಹುಡುಕುತ್ತಾರೆ? ಎರಡನೆಯದು ಸೂಕ್ಷ್ಮದರ್ಶಕ. ಸೋಂಕು ತಗುಲಿದ ಕಡೆ ಬ್ಯಾಕ್ಟೀರಿಯಾ ನುಂಗಲು ದೇಹವೇ ಕಳಿಸುವ ಮ್ಯಾಕ್ರೋಫೇಜ್ ಕೋಶಗಳಿಗೂ ಈ ಅಮೀಬಾಕ್ಕೂ ಗಾತ್ರ, ರೂಪ ಎರಡರಲ್ಲೂ ಹೋಲಿಕೆ ಬಹಳ. ಕಳ್ಳನೂ ಪೊಲೀಸನೂ ಒಂದೇ ಸಮವಸ್ತ್ರ ತೊಟ್ಟು ಒಂದೇ ಬೀದಿಯಲ್ಲಿ ನಿಂತಂತೆ. ಅಮೀಬಾದ ಕೋಶಕೇಂದ್ರದ ನಡುವಿನ ದಪ್ಪ ಚುಕ್ಕೆಯನ್ನು ಗಮನವಿಟ್ಟು ನೋಡಿದರೆ ಮಾತ್ರ ವ್ಯತ್ಯಾಸ ತಿಳಿಯುತ್ತದೆ.

ನುರಿತ ರೋಗಶಾಸ್ತ್ರಜ್ಞರು ಇಷ್ಟು ವರ್ಷ ನೋಡದೆ ಬಿಟ್ಟಿರುತ್ತಾರೆಯೇ ಎಂಬ ಆಕ್ಷೇಪ ಸಹಜ. ಬಾಲಮುತಿಯಾ ಎಂಬ ಇನ್ನೊಂದು ಅಮೀಬಾದ ಕಥೆ ಅದಕ್ಕೆ ಉತ್ತರ. 1986ರಲ್ಲಿ ಸ್ಯಾನ್ ಡಿಯೇಗೊದ ವನ್ಯಮೃಗ ಉದ್ಯಾನದಲ್ಲಿ ಸತ್ತ ಮ್ಯಾಂಡ್ರಿಲ್ ಕೋತಿಯ ಮಿದುಳಿನಲ್ಲಿ ಸಿಕ್ಕ ಈ ಅಮೀಬಾಕ್ಕೆ ಗೋವಿಂದ ವಿಶ್ವೇಶ್ವರ ಮತ್ತು ಸಂಗಡಿಗರು ಹೆಸರಿಟ್ಟದ್ದು 1993ರಲ್ಲಿ. ಅಕಾಂತಮೀಬಾ ಬೆಳೆಯುವ ಬ್ಯಾಕ್ಟೀರಿಯಾ ಲೇಪಿಸಿದ ತಟ್ಟೆಯಲ್ಲಿ ಇದು ಬೆಳೆಯದು, ಪ್ರಯೋಗಾಲಯದಲ್ಲಿ ಇದನ್ನು ಸಾಮಾನ್ಯವಾಗಿ ಪ್ರಾಣಿಕೋಶಗಳ ಮೇಲೆ ಬೆಳೆಸುತ್ತಾರೆ. ಹೆಸರಿಟ್ಟು, ಗುರುತಿಸುವ ಪರೀಕ್ಷೆಗಳು ಕೈಗೆ ಬಂದ ಮೇಲೆ ನಾಯಿಗಳಲ್ಲೂ ಇದು ಪತ್ತೆಯಾಯಿತು. ಹಾಗೆಂದು ನಾಯಿಯನ್ನು ಕೆರೆಯಿಂದ ದೂರವಿಡಬೇಕಿಲ್ಲ. ಸೋಂಕು ನಾಯಿಯಿಂದ ನಾಯಿಗಾಗಲೀ ಮನುಷ್ಯರಿಗಾಗಲೀ ಹರಡುವುದೂ ಇಲ್ಲ. ಆದರೆ ಡಿಸ್ಟೆಂಪರ್ ಲಸಿಕೆ ಹಾಕಿಸಿಕೊಂಡ, ದೀರ್ಘಕಾಲ ಸ್ಟಿರಾಯ್ಡ್ ಪಡೆಯುತ್ತಿದ್ದ ನಾಯಿ ಕೆಮ್ಮುತ್ತ, ಫಿಟ್ಸ್ ಬಂದು ಸತ್ತರೆ, ಮಿದುಳು, ಶ್ವಾಸಕೋಶಗಳ ಚೂರನ್ನು ಪಿಸಿಆರ್ ಪರೀಕ್ಷೆಗೆ ಕಳಿಸುವುದು ಅತಿಯಲ್ಲ.