ಗುಬ್ಬಿ, ನವಿಲು, ಒಂದು ಪೆನ್‌ಡ್ರೈವ್

ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿಕೊಂಡವರಿಗೆಲ್ಲ ಇಡೀ ಡಿಸ್ಕನ್ನು ಒಳಗಿಟ್ಟುಕೊಂಡ ಐಎಸ್‌ಒ ಕಡತ ಗೊತ್ತು. ಇಳಿಸಿಕೊಂಡು, ಪೆನ್‌ಡ್ರೈವಿಗೆ ಬರೆದು, ಕೆಲಸ ಮುಗಿದ ಮೇಲೆ ಮರೆತುಬಿಡುತ್ತೇವೆ. ಅದನ್ನು ಕಟ್ಟುವುದೇ ಒಂದು ಕಸುಬು.

ಡೆಬಿಯನ್ ಎಂಬ ಲಿನಕ್ಸ್ ವಿತರಣೆಯ ಲೈವ್-ಬಿಲ್ಡ್ ಎಂಬ ಸಲಕರಣೆ ಖಾಲಿ ಫೋಲ್ಡರೊಂದರಲ್ಲಿ ಮೊದಲು ಕನಿಷ್ಠ ವ್ಯವಸ್ಥೆಯೊಂದನ್ನು ನಿಲ್ಲಿಸುತ್ತದೆ. ನಾವು ಕೊಟ್ಟ ಪಟ್ಟಿಯ ಪ್ರಕಾರ ತಂತ್ರಾಂಶಗಳು ಬಂದು ಸೇರುತ್ತವೆ. ಎಲ್ಲವನ್ನೂ ಒಂದೇ ಕಡತವಾಗಿ ಹಿಂಡಿ, ಯಂತ್ರವನ್ನು ಎಬ್ಬಿಸುವ ಬೂಟ್ ಲೋಡರ್ ಕೂಡಿಸಿ, ಐಎಸ್‌ಒ 9660 ಎಂಬ ಅಚ್ಚಿಗೆ ಇಳಿಸಿದರೆ ಡಿಸ್ಕ್ ಸಿದ್ಧ. ಈ ಅಚ್ಚು 1988ರದು, ಸಿ.ಡಿ.ಗಳಿಗಾಗಿ ಹುಟ್ಟಿದ್ದು. ಅದರ ಮೊದಲ 32 ಕಿಲೋಬೈಟನ್ನು ಖಾಲಿ ಬಿಟ್ಟಿದ್ದರು. ಯಾರೋ ಪುಣ್ಯಾತ್ಮರು ಆ ಜಾಗಕ್ಕೆ ಹಾರ್ಡ್‌ಡಿಸ್ಕಿನ ವಿಭಾಗಪಟ್ಟಿಯನ್ನು ತೂರಿಸಿದ್ದರಿಂದಲೇ ಇವತ್ತು ಅದೇ ಕಡತ ಡಿವಿಡಿಯಿಂದಲೂ ಪೆನ್‌ಡ್ರೈವಿನಿಂದಲೂ ಏಳುತ್ತದೆ.

ಯಂತ್ರದ ಪಾಲು ಇಷ್ಟು. ಕಟ್ಟುವವರ ಜಾಣ್ಮೆಯೆಲ್ಲ ಆ ಪಟ್ಟಿಯಲ್ಲಿ. ಗುಬ್ಬಿ, ನವಿಲು ಎಂಬ ಕನ್ನಡ ಫಾಂಟುಗಳು ಡೆಬಿಯನ್ ಭಂಡಾರದಲ್ಲಿವೆ. ಕೀಲಿಮಣೆ ವಿನ್ಯಾಸಗಳೂ ಇವೆ. ಹೆಸರು ಬರೆದರೆ ಬರುತ್ತವೆ, ಬರೆಯದಿದ್ದರೆ ಇಲ್ಲ. ಇಂಟರ್ನೆಟ್ ಇಲ್ಲದ ಶಾಲೆಯಲ್ಲಿ ಆಮೇಲೆ ತರಿಸಿಕೊಳ್ಳೋಣವೆಂದರೂ ದಾರಿಯಿಲ್ಲ. 2011ರ ಡೆಬಿಯನ್ 6ರಲ್ಲಿ ಅನುಸ್ಥಾಪಕವೇ ಕನ್ನಡದಲ್ಲಿ ಮಾತಾಡಿತು, ಆದರೆ ಚಿತ್ರರೂಪದ ಪರದೆಯಲ್ಲಿ ಮಾತ್ರ. ಬರಿಯ ಪಠ್ಯದ ಕಪ್ಪು ಪರದೆಗೆ ನಮ್ಮ ಒತ್ತಕ್ಷರ ದಕ್ಕುವುದಿಲ್ಲ.

ಪಟ್ಟಿಯನ್ನು ಸರ್ಕಾರವೇ ಕೈಗೆತ್ತಿಕೊಂಡರೆ ಏನಾಗುತ್ತದೆಂಬುದಕ್ಕೆ ಗಡಿಯಾಚೆ ಕೇರಳದ ಕಾಸರಗೋಡಿನ ಕಡೆ ನೋಡಬೇಕು. ಕೇರಳದ ಐಟಿ@ಸ್ಕೂಲ್ ಯೋಜನೆ 2001ರದು. 2017ರಲ್ಲಿ ಅದು ಕೈಟ್ ಎಂಬ ಕಂಪನಿಯಾಯಿತು. ಉಬುಂಟು ಎಂಬ ಲಿನಕ್ಸನ್ನು ಬುನಾದಿಯಾಗಿಟ್ಟುಕೊಂಡು ಅವರೇ ಕಟ್ಟುವ ಕೈಟ್ ಗ್ನು/ಲಿನಕ್ಸ್ ಆ ರಾಜ್ಯದ ಶಾಲೆಗಳಿಗೆ ಹೋಗುತ್ತದೆ. ಐಟಿ ಪಠ್ಯಪುಸ್ತಕ ಮಲಯಾಳಂ, ಇಂಗ್ಲಿಷ್, ತಮಿಳುಗಳ ಜೊತೆ ಕನ್ನಡದಲ್ಲೂ ಬರುತ್ತದೆ. ಗಡಿಯಾಚೆಯ ಕನ್ನಡ ಮಾಧ್ಯಮದ ಮಕ್ಕಳಿಗೆ ಇದೆಲ್ಲ ದಿನದ ಪಾಠ. ಅಷ್ಟು ವ್ಯವಸ್ಥಿತವಾದದ್ದು ನಮ್ಮ ಕರ್ನಾಟಕದಲ್ಲಿ ಕಾಣದಿರುವುದು ನನಗಂತೂ ಕಸಿವಿಸಿ.

ಇನ್ನು ಗಡಿಯಾಚೆಯ ಮತ್ತೊಂದು ಕನ್ನಡ ನೆಲೆ, ಮುಂಬಯಿ. ವಡಾಲದಲ್ಲಿ ನ್ಯಾಷನಲ್ ಕನ್ನಡ ಎಜುಕೇಶನ್ ಸೊಸೈಟಿಯ ಶಾಲೆಯಿದೆ. ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ 1887ರಲ್ಲಿ ಹುಟ್ಟಿದ ವಿ.ಜೆ.ಟಿ.ಐ. ಕಾಲೇಜು. ಮುಂಬಯಿ ಕನ್ನಡ ಶಾಲೆಯೊಂದಕ್ಕೆ ತನ್ನದೇ ಡಿಸ್ಕ್ ಬೇಕೆನಿಸಿದರೆ ಕೈಟ್‌ನಂಥ ಕಂಪನಿಯೇನೂ ಬೇಕಿಲ್ಲ. ಇಂಜಿನಿಯರಿಂಗ್ ವಿದ್ಯಾರ್ಥಿಗಳು ನಾಲ್ಕು ಜನ, ಸಾಧಾರಣ ಲ್ಯಾಪ್‌ಟಾಪ್ ಒಂದು, ಕೆಲವು ಭಾನುವಾರಗಳು ಸಾಕು. ಪಟ್ಟಿಯಲ್ಲಿ ಕನ್ನಡದ ಪಕ್ಕ ಮರಾಠಿಯೂ ಕೂರಲಿ, ಮಕ್ಕಳಿಗೆ ಎರಡೂ ಬೇಕು. ಅನುಸ್ಥಾಪಕ ಕೇಳುವ ಭಾಷೆ, ಕೀಲಿಮಣೆ, ಸಮಯವಲಯಗಳ ಪ್ರಶ್ನೆಗಳಿಗೆ ಉತ್ತರಗಳನ್ನು ಪ್ರೀಸೀಡ್ ಎಂಬ ಕಡತದಲ್ಲಿ ಮುಂಚೆಯೇ ಬರೆದಿಟ್ಟರೆ ಮೇಷ್ಟರು ಪ್ರತಿ ಯಂತ್ರದ ಮುಂದೂ ಕೂತು ಕೀಲಿ ಒತ್ತಬೇಕಾಗಿಲ್ಲ. ಕಟ್ಟಿದ ಡಿಸ್ಕನ್ನು ಮೊದಲು ಕ್ಯೂಇಎಂಯು ಎಂಬ ಹುಸಿಯಂತ್ರದಲ್ಲಿ ಎಬ್ಬಿಸಿ ನೋಡಬೇಕು, ಆಮೇಲೆ ಶಾಲೆಯ ತೀರಾ ಹಳೆಯ ಕಂಪ್ಯೂಟರಿನಲ್ಲಿ. ಹುಸಿಯಂತ್ರ ಬಚ್ಚಿಟ್ಟ ತಕರಾರೆಲ್ಲ ಹೊರಬೀಳುವುದು ಅಲ್ಲೇ.