ಮರೆಗುಳಿ ಕಂಪ್ಯೂಟರಿನ ಮದ್ದು

ಹಳೇ ಕಂಪ್ಯೂಟರ್ ಬೂಟ್ ಆಗುತ್ತಿಲ್ಲವೆಂದು ತಂದರೆ, ಪಳಗಿದ ರಿಪೇರಿಯವರು ಮೊದಲು ನೋಡುವುದು ತಾರೀಖನ್ನು. ಅದು ವರ್ಷಗಟ್ಟಲೆ ಹಿಂದೆ ಸರಿದಿದ್ದರೆ ಅರ್ಧ ರೋಗ ಸಿಕ್ಕಂತೆ. ಗಡಿಯಾರ ನಡೆಸುವ ಸೆಲ್ಲೇ ಸೆಟ್ಟಿಂಗುಗಳನ್ನೂ ಕಾಯುತ್ತಿರುತ್ತದೆ; ಅದು ಸೋತರೆ ಎರಡೂ ಮರೆತುಹೋಗುತ್ತವೆ.

1981ರ ಐಬಿಎಂ ಪಿಸಿಗೆ ಈ ಮರೆವು ಇರಲಿಲ್ಲ. ಮೆಮೊರಿ ಎಷ್ಟು, ಫ್ಲಾಪಿ ಡ್ರೈವ್ ಎಷ್ಟು ಎಂಬುದನ್ನು ಬೋರ್ಡಿನ ಪುಟಾಣಿ ಸ್ವಿಚ್ಚುಗಳನ್ನು ಒತ್ತಿ ತಿಳಿಸಬೇಕಿತ್ತು. 1984ರ ಎಟಿ ಮಾದರಿಯಲ್ಲಿ ಮೊಟೊರೊಲಾದ ಗಡಿಯಾರದ ಚಿಪ್ ಬಂತು. ಅದರಲ್ಲಿದ್ದದ್ದು 64 ಬೈಟ್. 14 ಗಡಿಯಾರದ ಪಾಲು, ಮಿಕ್ಕ 50ರಲ್ಲಿ ಯಂತ್ರದ ಇಡೀ ಜಾತಕ.

ಅದು ಅಳಿಸಿಹೋದಾಗ ದೊಡ್ಡ ಪೇಚು ಹಾರ್ಡ್ ಡಿಸ್ಕಿನದು. ತೊಂಬತ್ತರ ದಶಕದ ಮೊದಲ ವರ್ಷಗಳ ಯಂತ್ರಗಳಲ್ಲಿ ಸಿಲಿಂಡರ್, ಹೆಡ್, ಸೆಕ್ಟರ್ ಲೆಕ್ಕವನ್ನು ಸಾಮಾನ್ಯವಾಗಿ ಕೈಯಾರೆ ತುಂಬಬೇಕು. ಅಂಕಿ ತಪ್ಪಿದರೆ ಗಟ್ಟಿಮುಟ್ಟಾದ ಡಿಸ್ಕೂ ಕೆಟ್ಟದ್ದೆನಿಸಿಕೊಳ್ಳುತ್ತದೆ. ಸರಿಯಾಗಿ ತುಂಬಿದರೂ ಒಂದು ಗೋಡೆಯಿತ್ತು: 1024 ಸಿಲಿಂಡರ್, 16 ಹೆಡ್, 63 ಸೆಕ್ಟರ್, ಸೆಕ್ಟರಿಗೆ 512 ಬೈಟ್. ಗುಣಿಸಿದರೆ ಸುಮಾರು 528 ಎಂಬಿ. ಎಲ್‌ಬಿಎ (ಸೆಕ್ಟರುಗಳನ್ನು ಒಂದೇ ಸಾಲಿನಲ್ಲಿ ಎಣಿಸುವ ಪದ್ಧತಿ) ಬರುವವರೆಗೆ ಅದಕ್ಕಿಂತ ದೊಡ್ಡ ಡಿಸ್ಕ್ ಹಾಕಿಯೂ ಪ್ರಯೋಜನವಿರಲಿಲ್ಲ. ಮುಂದಿನ ತಲೆಮಾರಿನ ಗೋಜಲು, ಡಿಸ್ಕಿನೊಂದಿಗೆ ಮಾತಾಡುವ ರೀತಿಗೆ ಸೆಟ್ಟಿಂಗಿನಲ್ಲಿರುವ ಎಎಚ್‌ಸಿಐ, ಐಡಿಇ ಎಂಬ ಎರಡು ಆಯ್ಕೆಗಳದ್ದು. ಸೆಲ್ ಬದಲಿಸಿದ ಮೇಲೆ ಐಡಿಇ ಇದ್ದದ್ದು ಎಎಚ್‌ಸಿಐ ಆಗಿ ಕೂತಿದ್ದರೆ, ಅದರ ಡ್ರೈವರ್ ಇಲ್ಲದ ವಿಂಡೋಸ್ ಎಕ್ಸ್‌ಪಿ ನೀಲಿ ಪರದೆ ತೋರಿಸುತ್ತದೆ. ಇಂಥದ್ದಕ್ಕೆ ವಿಂಡೋಸನ್ನೇ ಹೊಸದಾಗಿ ಹಾಕಲು ಹೊರಡುವವರನ್ನು ನಾನಂತೂ ರಿಪೇರಿಯವರೆಂದು ಒಪ್ಪಲಾರೆ.

ಪರದೆಯೇ ಹೊತ್ತಿಕೊಳ್ಳದಿದ್ದರೆ ಕಿವಿಗೆ ಕೆಲಸ. ಎಎಂಐ ಬಯಾಸ್ (ಯಂತ್ರವನ್ನು ಎಬ್ಬಿಸುವ ತಂತ್ರಾಂಶ) ಎಂಟು ಸಲ ಬೀಪ್ ಎಂದರೂ, ಅವಾರ್ಡ್ ಒಂದು ಉದ್ದ, ಎರಡು ಗಿಡ್ಡ ಬೀಪ್ ಕೊಟ್ಟರೂ ದೂರು ಡಿಸ್‌ಪ್ಲೇ ಕಾರ್ಡಿನ ಮೇಲೆ. ಮೆಮೊರಿಯ ದೂರಾದರೆ ರ್‍ಯಾಮ್ ಕಿತ್ತು, ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸುವುದು ನಮ್ಮ ಅಂಗಡಿಗಳ ಹಳೇ ವಿದ್ಯೆ. ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ.

ಸೆಲ್ ಹುಡುಕಿ ಅಲೆಯಬೇಕಿಲ್ಲ. ಸಿಆರ್2032 ಎಂದರೆ 20 ಮಿಲಿಮೀಟರ್ ಅಗಲ, 3.2 ದಪ್ಪದ 3 ವೋಲ್ಟ್ ಬಿಲ್ಲೆ; ಬೆಂಗಳೂರಿನ ಎಸ್.ಪಿ. ರಸ್ತೆಯವರೆಗೂ ಹೋಗದೆ ವಾಚ್ ಅಂಗಡಿಯಲ್ಲೇ ಸಿಕ್ಕೀತು. 386, 486 ಬೋರ್ಡುಗಳಿಗೆ ಬೆಸುಗೆ ಹಾಕಿದ ನಿಕೆಲ್-ಕ್ಯಾಡ್ಮಿಯಂ ಬ್ಯಾಟರಿಯ ಕಥೆ ಬೇರೆ. ಅದು ಸೋರಿ ತಾಮ್ರದ ಗೆರೆಗಳನ್ನೇ ತಿಂದಿರುತ್ತದೆ. ಯಂತ್ರ ನಡೆಯುತ್ತಿದ್ದರೂ ಮೊದಲು ಕತ್ತರಿಸಿ ತೆಗೆಯುವುದೇ ಕ್ಷೇಮ.

ಕೆಲವೊಮ್ಮೆ ಈ ಮರೆವನ್ನು ಬೇಕೆಂದೇ ತರಿಸುವುದೂ ಉಂಟು. ಹಳೇ ಡೆಸ್ಕ್‌ಟಾಪಿನ ಸೆಟಪ್ ಪಾಸ್‌ವರ್ಡ್ ಮರೆತವರು ಕರೆಂಟ್ ವೈರ್ ಕಿತ್ತು, ಸೆಲ್ ತೆಗೆದು ಸ್ವಲ್ಪ ಹೊತ್ತು ಬಿಟ್ಟರೆ ಸಾಮಾನ್ಯವಾಗಿ ಪಾಸ್‌ವರ್ಡ್ ಹೋಗುತ್ತದೆ. ಅನೇಕ ಲ್ಯಾಪ್‌ಟಾಪುಗಳಲ್ಲಿ ಈ ಆಟ ನಡೆಯದು. ಅಲ್ಲಿ ಪಾಸ್‌ವರ್ಡ್ ಇರುವುದು ಬ್ಯಾಟರಿಯ ಹಂಗಿಲ್ಲದ ಬೇರೆ ಚಿಪ್ಪಿನಲ್ಲಿ.